ಉಯ್ಯಾಲೆಯಾಡುವ ವಿದ್ಯುತ್ತು

ನಮ್ಮ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಪ್ಲಸ್ ಟುವಿನಲ್ಲಿ ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಓದುವಾಗ ಕಷ್ಟಪಡುತ್ತಾರೆಂದು ಹೆತ್ತವರು ಹೇಳುವುದುಂಟು. ಇಂಗ್ಲಿಷ್ ಪದ ಬರುವ ಮೊದಲೇ ಸಂಗತಿಯನ್ನು ಕಣ್ಣಿಗೆ ತೋರಿಸಬೇಕೆಂದು ವಿಜ್ಞಾನದ ಅಧ್ಯಾಪಕರೂ ಕನ್ನಡ ಕಲಿಸುವ ನಾವೂ ಸೇರಿ ಒಂದು ಪ್ರಯೋಗಕ್ಕೆ ತೊಡಗಿದೆವು. ವಿಷಯ, ವಿದ್ಯುತ್ತಿನ ಆಂದೋಲನ. ‘ಆಂದೋಲನವೆಂದರೆ ಮೆರವಣಿಗೆಯೇ ಮಾಷ್ಟ್ರೇ?’ ಎಂದು ಒಬ್ಬ ಕೇಳಿದ. ಅಲ್ಲ, ಆ ಪದದ ಮೂಲ ಅರ್ಥ ತೂಗಾಡುವುದು.

ಬೇಕಾದುದು ಫ್ಯಾನಿನ ಕಂಡೆನ್ಸರ್, ಟ್ಯೂಬ್‌ಲೈಟಿನ ಹಳೆಯ ಕಬ್ಬಿಣದ ಚೋಕ್, 9 ವೋಲ್ಟಿನ ಬ್ಯಾಟರಿ. (ಮನೆಯ ಪ್ಲಗ್ಗಿನ ಹತ್ತಿರ ಯಾರೂ ಹೋಗಕೂಡದು, ಅದರಿಂದ ತುಂಬಿದ ಕಂಡೆನ್ಸರ್ ಸ್ವಿಚ್ ಆರಿಸಿದ ಮೇಲೂ ಶಾಕ್ ಹೊಡೆದೀತು.) ಬ್ಯಾಟರಿಯಿಂದ ಕಂಡೆನ್ಸರನ್ನು ತುಂಬಿಸಿ, ಬ್ಯಾಟರಿಯನ್ನು ಬಿಡಿಸಿ, ಚೋಕಿಗೆ ಜೋಡಿಸಬೇಕು. ಕಂಡೆನ್ಸರಿನ ಒಂದು ತಗಡಿನಿಂದ ಇನ್ನೊಂದಕ್ಕೆ ಚೋಕಿನ ಸುರುಳಿಯ ಮೂಲಕ ವಿದ್ಯುತ್ತು ಹರಿಯುತ್ತದೆ. ಎರಡೂ ಸಮವಾದಾಗ ನಿಲ್ಲಬೇಕಲ್ಲವೇ? ನಿಲ್ಲುವುದಿಲ್ಲ. ಅಷ್ಟರಲ್ಲಿ ಸುರುಳಿಯಲ್ಲಿ ಕಾಂತಕ್ಷೇತ್ರ ಬೆಳೆದಿರುತ್ತದೆ. ಅದು ಕುಗ್ಗುವಾಗ ಹರಿವನ್ನು ಅದೇ ದಿಕ್ಕಿಗೆ ದೂಡುತ್ತದೆ. ಉಯ್ಯಾಲೆಯೂ ಹಾಗೆಯೇ, ನಡುವಿಗೆ ಬಂದು ನಿಲ್ಲದೆ ಆಚೆಗೆ ಏರುತ್ತದೆ. ಕಂಡೆನ್ಸರ್ ಈಗ ತಿರುವುಮುರುವಾಗಿ ತುಂಬಿ, ವಿದ್ಯುತ್ತು ಮತ್ತೆ ಹಿಂದಕ್ಕೆ ಹೊರಡುತ್ತದೆ.

ಮೊದಲ ದಿನ ನಡುವೆ ಗ್ಯಾಲ್ವನೋಮೀಟರ್ ಇಟ್ಟೆವು. ಮುಳ್ಳು ಒಮ್ಮೆ ಮಿಸುಕಿ ನಿಂತಿತು. ‘ಒಂದೇ ಸಲ ಹೋದದ್ದಲ್ಲವೇ?’ ಎಂದರು ಮಕ್ಕಳು. ನಮಗೆ ಮುಖಭಂಗವಾಯಿತು. ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ಚೋಕ್ ಸುಮಾರು 1 ಹೆನ್ರಿ, ಕಂಡೆನ್ಸರ್ 2.5 ಮೈಕ್ರೋಫ್ಯಾರಡ್, ಇಷ್ಟಕ್ಕೆ ವಿದ್ಯುತ್ತು ಸೆಕೆಂಡಿಗೆ ಸುಮಾರು 100 ಸಲ ಹೋಗಿಬರುತ್ತದೆ. ಮುಳ್ಳಿಗೆ ಅಷ್ಟು ಚುರುಕೆಲ್ಲಿ?

1842ರಲ್ಲಿ ಅಮೆರಿಕದ ಜೋಸೆಫ್ ಹೆನ್ರಿಗೂ ಇದನ್ನು ಕಣ್ಣಾರೆ ಕಾಣುವ ಉಪಾಯವಿರಲಿಲ್ಲ. ಲೇಡನ್ ಜಾಡಿಯ ವಿದ್ಯುತ್ತನ್ನು ಹರಿಯಬಿಟ್ಟಾಗ ಉಕ್ಕಿನ ಸೂಜಿಗಳು ಒಮ್ಮೆ ಒಂದು ದಿಕ್ಕಿಗೆ, ಒಮ್ಮೆ ಎದುರು ದಿಕ್ಕಿಗೆ ಕಾಂತವಾಗುವುದನ್ನು ನೋಡಿಯೇ, ಅದು ಹಿಂದೆ ಮುಂದೆ ಓಡುತ್ತಿರಬೇಕೆಂದು ಆತ ತರ್ಕಿಸಿದನು.

ಮುಂದಿನ ವಾರ ಕಾಲೇಜೊಂದರಿಂದ, ಚಿತ್ರವನ್ನು ಹಿಡಿದಿಡುವ ಆಸಿಲೋಸ್ಕೋಪನ್ನು ಕೇಳಿ ತಂದೆವು. ಪರದೆಯ ಮೇಲೆ ನಾಲ್ಕೈದು ಅಲೆಗಳು ಮೂಡಿದವು, ಒಂದಕ್ಕಿಂತ ಒಂದು ಗಿಡ್ಡ. ಏಕೆ ಕುಗ್ಗುತ್ತವೆಂದು ಕೇಳಿದಾಗ ಹಿಂದಿನ ಬೆಂಚಿನ ಹುಡುಗಿ, ‘ಉಯ್ಯಾಲೆಯನ್ನು ಯಾರೂ ದೂಡುತ್ತಿಲ್ಲವಲ್ಲ’ ಎಂದಳು. ತಂತಿಯ ರೋಧದಲ್ಲಿ ಶಕ್ತಿ ಶಾಖವಾಗಿ ಕಳೆಯುತ್ತದೆಂಬುದನ್ನು ಆಮೇಲೆ ಸೇರಿಸುವುದು ಸುಲಭವಾಯಿತು. ಅಂಥವೇ ಇನ್ನೂ ಮೂರು ಕಂಡೆನ್ಸರುಗಳನ್ನು ಸಮಾಂತರವಾಗಿ ಜೋಡಿಸಿದಾಗ ಅಲೆಯ ಅಗಲ ಎರಡರಷ್ಟಾಯಿತು. ಅಟ್ಟದಲ್ಲಿರುವ ಹಳೆಯ ರೇಡಿಯೋದ ಸ್ಟೇಷನ್ ಗುಂಡಿ ತಿರುಗಿಸುವಾಗ ಒಳಗೆ ಬದಲಾಗುವುದೂ ಕಂಡೆನ್ಸರೇ.