ಬೀಡಿ ಕಟ್ಟುವ ಕೈಗಳಿಗೆ ಸ್ವಂತ ಮನೆ

ಬಾಡಿಗೆ ಮನೆಯ ಪಾಡು ನಿಮಗೆ ಹೊಸದೇನಲ್ಲ. ಹನ್ನೊಂದು ತಿಂಗಳಾಯಿತೋ ಇಲ್ಲವೋ, ಮನೆ ಓನರಮ್ಮ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಬಾಡಿಗೆಗೂ ಗತಿಯಿಲ್ಲದೆ ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿಕೊಂಡವರ ಪಾಡೇನು, ಹೇಳಿ! ನಮ್ಮ ಹಲಸೂರು, ಶಿವಾಜಿನಗರದ ಕಡೆ ಮನೆಗೆಲಸಕ್ಕೆ ಬರುವ ಎಷ್ಟೋ ಹೆಂಗಸರು ಅಂಥವರೇ. "ಹಕ್ಕುಪತ್ರ ಸಿಕ್ತಾ?" ಅಂತ ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಅವರಿಗೆ ಮಳೆಗಿಂತ ಬುಲ್ಡೋಜರಿನ ಭಯ ಹೆಚ್ಚು. ಇಲ್ಲೇ ಈಜಿಪುರದಲ್ಲಿ ಬಡವರಿಗೆಂದೇ ಕಟ್ಟಿಸಿದ್ದ ಕ್ವಾರ್ಟರ್ಸ್ ಕುಸಿದ ಮೇಲೆ ಜನ ಶೆಡ್ಡುಗಳಲ್ಲಿದ್ದರು. 2013ರ ಜನವರಿಯಲ್ಲಿ ಅದನ್ನೂ ಕೆಡವಿದಾಗ ಎಷ್ಟೋ ತಾಯಂದಿರು ಪಾತ್ರೆಪಡಗ, ಮಕ್ಕಳ ಸಮೇತ ಆ ಚಳಿಯಲ್ಲಿ ಫುಟ್‌ಪಾತಿನ ಮೇಲೆ ಕೂತರು.

ಹಾಗಾದರೆ ಬಡ ಹೆಂಗಸರು ತಾವೇ ಒಟ್ಟಾಗಿ, ಯಾರೂ ಎಬ್ಬಿಸಲಾಗದ ಮನೆ ಮಾಡಿಕೊಂಡದ್ದೇ ಇಲ್ಲವೇ? ಉಂಟು ಸೋದರಿಯರೇ. ನಮ್ಮ ವಿಜಯಪುರ ಜಿಲ್ಲೆ ದಾಟಿದರೆ ಸೊಲ್ಲಾಪುರ. ಮಹಾರಾಷ್ಟ್ರಕ್ಕೆ ಸೇರಿದ್ದರೂ ಆ ಸೀಮೆಯಲ್ಲಿ ಕನ್ನಡ ಮಾತಾಡುವವರು ಬೇಕಾದಷ್ಟು ಇದ್ದಾರೆ. ಅಲ್ಲಿ ಸಾವಿರಾರು ಹೆಂಗಸರಿಗೆ ಬೀಡಿ ಕಟ್ಟುವುದೇ ಜೀವನ. ಒಂದೇ ಕೋಣೆಯಲ್ಲಿ ಬೀಡಿ ಎಲೆ, ತಂಬಾಕಿನ ಘಾಟು, ಒಲೆ, ತೊಟ್ಟಿಲು ಎಲ್ಲಾ.

ಎಡಪಕ್ಷದ ಕಾರ್ಮಿಕ ಸಂಘಟನೆ ಸಿಐಟಿಯು ನಾಯಕ, ಮೂರು ಬಾರಿ ಶಾಸಕರಾಗಿದ್ದ ನರಸಯ್ಯ ಆಡಂ ಅವರ ಮುಂದಾಳತ್ವದಲ್ಲಿ ಇವರು ಗೃಹನಿರ್ಮಾಣ ಸಹಕಾರ ಸಂಘ ಕಟ್ಟಿಕೊಂಡರು. ಸದಸ್ಯರೆಲ್ಲ ಬೀಡಿ ಕಟ್ಟುವ ಹೆಂಗಸರೇ. ವಾರ್ಲಿ ಆದಿವಾಸಿಗಳ ಬಿಟ್ಟಿಚಾಕರಿಯ ವಿರುದ್ಧ ಹೋರಾಡಿದ ಕಮ್ಯುನಿಸ್ಟ್ ನಾಯಕಿ ಗೋದೂತಾಯಿ ಪರುಳೇಕರ್ ಅವರ ಹೆಸರನ್ನೇ ಸಂಘಕ್ಕೆ ಇಟ್ಟರು. ಖರ್ಚಿನಲ್ಲಿ ಕೇಂದ್ರದ್ದೊಂದು ಪಾಲು, ರಾಜ್ಯದ್ದೊಂದು ಪಾಲು, ಹೆಂಗಸರದ್ದೂ ಒಂದು ಪಾಲು. ಬೀಡಿ ಕೂಲಿಯಲ್ಲಿ ಅಷ್ಟು ಉಳಿಸುವುದೆಂದರೆ ಏನೆಂದು ಮನೆಖರ್ಚು ತೂಗಿಸುವ ನಿಮಗೆ ನಾನು ಹೇಳಬೇಕೇ? ಧರಣಿ, ಮೆರವಣಿಗೆ ಎಂದರೆ ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ಇವರು ಬೀದಿಗಿಳಿಯದಿದ್ದರೆ ಸರ್ಕಾರದ ಆ ಎರಡು ಪಾಲು ಕಡತದಿಂದ ಹೊರಗೆ ಬರುತ್ತಿತ್ತೇ?

ಊರಾಚೆ ಕುಂಭಾರಿಯಲ್ಲಿ 10,000 ಮನೆಗಳೆದ್ದವು. 2006ರಲ್ಲಿ ಆಗಿನ ಪ್ರಧಾನಿ ಮನಮೋಹನ ಸಿಂಗರೇ ಬಂದು ಹಸ್ತಾಂತರಿಸಿದರು. ಆಮೇಲೆ ಅಲ್ಲೇ ಬೀಡಿಯವರಲ್ಲದೆ ಮಗ್ಗದವರು, ಚಿಂದಿ ಆಯುವವರು ಮುಂತಾದ ಕೂಲಿ ಜನರಿಗೆಂದು ರೇ ನಗರ ಎಂಬ 30,000 ಮನೆಗಳ ಯೋಜನೆ ಬಂತು. ಅದರಲ್ಲಿ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಒಪ್ಪಿಸಿದರು. ಕೆಂಪು ಬಾವುಟದವರ ಮನೆಗೆ ಎರಡು ಬೇರೆ ಬೇರೆ ಪಕ್ಷದ ಪ್ರಧಾನಿಗಳು, ನೋಡಿ! ಚಿಕ್ಕಂದಿನಲ್ಲಿ ತಮಗೂ ಇಂಥ ಮನೆ ಇದ್ದಿದ್ದರೆ ಎಂದು ಹೇಳುವಾಗ ಮೋದಿಯವರ ಗಂಟಲು ಕಟ್ಟಿತ್ತು.