ಎಂಟರ್ ಒತ್ತಿದರೆ ಯಾವ ಗುಂಡಿಯ ಕೆಲಸ?

ಚಿತ್ರದುರ್ಗ: ಹೊಳಲ್ಕೆರೆಯ ಅಡಿಕೆ ಬೆಳೆಗಾರರೊಬ್ಬರು ಸೇವಾ ಕೇಂದ್ರದಲ್ಲಿ ಆನ್‌ಲೈನ್ ಅರ್ಜಿ ತುಂಬಿಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಊರಿನಲ್ಲಿ ಎರಡು, ಪಕ್ಕದ ಹೊಸದುರ್ಗ ತಾಲ್ಲೂಕಿನಲ್ಲಿ ಒಂದು, ಹೀಗೆ ಮೂರು ಸರ್ವೆ ನಂಬರುಗಳು ಅವರವು. ಪ್ರತಿ ನಂಬರಿನ ಪಕ್ಕದಲ್ಲಿ ‘ತೆಗೆದುಹಾಕು’ ಎಂಬ ಗುಂಡಿ. ಪುಟದ ಕೊನೆಯಲ್ಲಿ ‘ಕರಡು ಉಳಿಸು’ ಮತ್ತು ‘ಸಲ್ಲಿಸು’. ಮೂರನೆಯ ನಂಬರ್ ಟೈಪಿಸಿದ ಆಪರೇಟರ್ ಅಭ್ಯಾಸಬಲದಿಂದ ಎಂಟರ್ ಒತ್ತುತ್ತಾರೆ. ಪಟ್ಟಿಯ ಮೊದಲ ಸರ್ವೆ ನಂಬರ್ ಮಾಯ! ಹಿಂದೆ ಸರತಿ ಸಾಲು ಬೆಳೆದಿರುವಾಗ ಇದು ಯಾರ ಗಮನಕ್ಕೂ ಬಾರದೆ, ಒಂದು ಜಮೀನು ಬಿಟ್ಟೇ ಅರ್ಜಿ ಸಲ್ಲಿಕೆಯಾದೀತು.

ಆಪರೇಟರ್ ‘ತೆಗೆದುಹಾಕು’ ಗುಂಡಿಯನ್ನು ಮುಟ್ಟಿಯೇ ಇಲ್ಲ. ಮುಟ್ಟಿದ್ದು ಬ್ರೌಸರ್.

ನಮೂನೆಯಲ್ಲಿ ಒಂದೇ ಒಂದು ಪಠ್ಯ ಪೆಟ್ಟಿಗೆ ಇದ್ದರೆ ಎಂಟರ್ ಕೀಲಿಯನ್ನು ಸಲ್ಲಿಕೆಯ ಕೋರಿಕೆ ಎಂದು ಪರಿಗಣಿಸಬೇಕೆಂದು 1995ರ ಎಚ್‌ಟಿಎಂಎಲ್ 2.0 ನಿಯಮಾವಳಿ ಸೂಚಿಸಿತ್ತು. ಈಗಿನ ನಿಯಮ ಇನ್ನಷ್ಟು ವಿಸ್ತಾರವಾದುದು. ಪಠ್ಯ ಪೆಟ್ಟಿಗೆಯಲ್ಲಿ ಎಂಟರ್ ಒತ್ತಿದಾಗ, ನಮೂನೆಯ ಸಂಕೇತದಲ್ಲಿ ಮೊದಲು ಬರುವ ‘ಸಬ್ಮಿಟ್’ ಗುಂಡಿಯನ್ನು ಬ್ರೌಸರ್ ತಾನಾಗಿಯೇ ಒತ್ತುತ್ತದೆ. ಗುಂಡಿಯ ಬಣ್ಣ, ಗಾತ್ರ, ಪರದೆಯ ಮೇಲಿನ ಸ್ಥಾನ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಜೊತೆಗೆ, ‘ಬಟನ್’ ಅಂಶಕ್ಕೆ ಟೈಪ್ ನಮೂದಿಸದೆ ಬಿಟ್ಟರೆ ಅದು ‘ಸಬ್ಮಿಟ್’ ಎಂದೇ ಗಣನೆಗೆ ಬರುತ್ತದೆ. ರೈತನ ಸರ್ವೆ ನಂಬರನ್ನು ನುಂಗಿದ್ದು ಇದೇ ಮರೆವು.

ಪರಿಹಾರ ಕಷ್ಟದ್ದಲ್ಲ. ಅಳಿಸುವ, ಹುಡುಕುವ, ಸಾಲು ಸೇರಿಸುವ ಗುಂಡಿಗಳಿಗೆಲ್ಲ ‘ಟೈಪ್’ ಎಂಬಲ್ಲಿ ‘ಬಟನ್’ ಎಂದು ಸ್ಪಷ್ಟವಾಗಿ ಬರೆದರೆ ಎಂಟರ್ ಅವುಗಳ ತಂಟೆಗೆ ಹೋಗದು. ಉಳಿಯುವ ಸಬ್ಮಿಟ್ ಗುಂಡಿಗಳ ಪೈಕಿ ಹಾನಿಯಿಲ್ಲದ್ದು, ಅಂದರೆ ‘ಕರಡು ಉಳಿಸು’, ಸಂಕೇತದಲ್ಲಿ ಮೊದಲಿರಬೇಕು. ಎರಡಕ್ಕೂ ಬೇರೆ ಬೇರೆ ಮೌಲ್ಯ ಕೊಟ್ಟರೆ, ಒತ್ತಿದ ಗುಂಡಿಯದು ಮಾತ್ರ ಸರ್ವರ್ ತಲುಪುತ್ತದೆ. ಎರಡನ್ನೂ ಬೇರೆ ವಿಳಾಸಗಳಿಗೆ ಕಳುಹಿಸಬೇಕಿದ್ದರೆ ಎಚ್‌ಟಿಎಂಎಲ್ 5ರಲ್ಲಿ ಬಂದ ‘ಫಾರ್ಮ್‌ಆ್ಯಕ್ಷನ್’ ಇದೆ.

ಗುಂಡಿಯ ಮೌಲ್ಯ ಬಾರದೇ ಇರುವ ಸಂದರ್ಭವೂ ಉಂಟು. ಪುಟದ ಸ್ಕ್ರಿಪ್ಟ್ ‘ಸಬ್ಮಿಟ್’ ವಿಧಾನವನ್ನು ನೇರವಾಗಿ ಕರೆದರೆ ಯಾವ ಗುಂಡಿಯ ಹೆಸರೂ ಹೋಗುವುದಿಲ್ಲ, ಬ್ರೌಸರಿನ ಪರಿಶೀಲನೆಯೂ ನಡೆಯುವುದಿಲ್ಲ. ಅಂತಹ ಅರ್ಜಿಯನ್ನು ಸರ್ವರ್ ಅಂತಿಮ ಸಲ್ಲಿಕೆ ಎಂದು ಸ್ವೀಕರಿಸದೆ ಕರಡಾಗಿಯೇ ಇಟ್ಟುಕೊಳ್ಳುವುದು ಕ್ಷೇಮ.

ಕೆಲವು ತಂತ್ರಜ್ಞರು ಈ ತಲೆನೋವೇ ಬೇಡವೆಂದು ಎಂಟರ್ ಕೀಲಿಯನ್ನೇ ಪೂರ್ತಿ ತಡೆದುಬಿಡುತ್ತಾರೆ. ಇದು ನೆಗಡಿಗೆ ಮೂಗು ಕೊಯ್ದಂತೆ. ಮೌಸ್ ಬಳಸಲಾಗದ ಅಂಧರು ಟ್ಯಾಬ್ ಮೂಲಕ ‘ಸಲ್ಲಿಸು’ ಗುಂಡಿಗೆ ಬಂದು ಎಂಟರ್ ಒತ್ತಿದರೂ ಆಗ ಏನೂ ಆಗದು. ಸವಿವರ ಬರೆಯುವ ದೊಡ್ಡ ಪೆಟ್ಟಿಗೆಯಲ್ಲಿ ಹೊಸ ಸಾಲೂ ಮೂಡದು.

ಕನ್ನಡದಲ್ಲಿ ಟೈಪಿಸುವವರಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಹಿರಿಯೂರು ಎಂದು ಒತ್ತಿ, ಸಲಹೆಗಳ ಪಟ್ಟಿಯಿಂದ ಕನ್ನಡ ಪದವನ್ನು ಆರಿಸಲು ಕೆಲವು ತಂತ್ರಾಂಶಗಳಲ್ಲಿ ಎಂಟರ್ ಬಳಸಲಾಗುತ್ತದೆ. ಎಂಟರ್‌ಗೆ ಕಾದು ಕುಳಿತ ಸ್ಕ್ರಿಪ್ಟ್ ಇದನ್ನೂ ಸಲ್ಲಿಕೆ ಎಂದೇ ತಿಳಿದರೆ ಊರಿನ ಹೆಸರು ಪೂರ್ಣಗೊಳ್ಳುವ ಮುನ್ನವೇ ಅರ್ಜಿ ಹೊರಟುಹೋಗುತ್ತದೆ. ಪದರಚನೆ ಇನ್ನೂ ನಡೆದಿದೆಯೇ ಎಂಬುದನ್ನು ಬ್ರೌಸರ್ ‘ಈಸ್‌ಕಂಪೋಸಿಂಗ್’ ಎಂಬ ಗುಣದ ಮೂಲಕ ತಿಳಿಸುತ್ತದೆ. ಸ್ಕ್ರಿಪ್ಟ್ ಅದನ್ನು ನೋಡಿಕೊಂಡು ಮುಂದುವರಿಯಬೇಕು.