ಎಲ್ಲಿಗೂ ಹೋಗದ ತಂತಿ

ಹೊಯ್ಸಳರ ಶಾಸನಗಳಲ್ಲಿ ರಾಜ್ಯದ ಮೂಡಣ ಎಲ್ಲೆ ನಂಗಲಿ. ಈಗಲೂ ಹೆದ್ದಾರಿಯಲ್ಲಿ ನಂಗಲಿ ದಾಟಿದರೆ ಆಂಧ್ರ. ಟೆಲಿಫೋನಿಗೂ ಇಂಥದ್ದೊಂದು ಗಡಿಯುಂಟು: ಕಂಬದಿಂದ ಇಳಿದ ತಂತಿ ಮನೆಯ ಗೋಡೆ ಮುಟ್ಟುವ ಜಾಗ. ನೆಟ್ ನಿಧಾನವಾದರೆ ನಾವು ಬೈಯುವುದು ಗಡಿಯಾಚೆಯ ಎಕ್ಸ್‌ಚೇಂಜನ್ನು. ತಂಟೆ ಎಷ್ಟೋ ಸಲ ಈಚೆಗೇ ಇರುತ್ತದೆ.

2005ರಲ್ಲಿ ಬಿಎಸ್‌ಎನ್‌ಎಲ್ ‘ಡಾಟಾಒನ್’ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಕೊಟ್ಟಾಗ ಮನೆಗೆ ಬೇರೆ ತಂತಿ ಬರಲಿಲ್ಲ. ಮಾತು ಹರಿಯುತ್ತಿದ್ದ ಹಳೆಯ ತಾಮ್ರದ ಜೋಡಿಯಲ್ಲೇ ನೆಟ್ಟೂ ಬಂತು; ಈ ತಂತ್ರಕ್ಕೆ ಎಡಿಎಸ್‌ಎಲ್ ಎಂದು ಹೆಸರು. ಮಾತಿಗೆ 4 ಕಿಲೋಹರ್ಟ್ಸ್‌ ಒಳಗಿನ ಜಾಗ ಸಾಕು. ಎಡಿಎಸ್‌ಎಲ್‌ನ ಮಾಹಿತಿ ಸುಮಾರು 26ರಿಂದ 1,100 ಕಿಲೋಹರ್ಟ್ಸ್‌ವರೆಗೆ, 4.3 ಕಿಲೋಹರ್ಟ್ಸ್‌ ಅಗಲದ ಸಣ್ಣ ಸಣ್ಣ ಸಾಲುಗಳಲ್ಲಿ ಹರಿಯುತ್ತದೆ. ಮೋಡೆಮ್ ಒಂದೊಂದು ಸಾಲಿನ ಗದ್ದಲವನ್ನೂ ಅಳೆದು, ಕೆಟ್ಟ ಸಾಲನ್ನು ಬಿಟ್ಟು, ಒಳ್ಳೆಯದರ ಮೇಲೆ ಹೆಚ್ಚು ಹೊರೆ ಹೇರುತ್ತದೆ.

ಈಗ ಒಂದು ಮನೆ ಊಹಿಸಿ. ಮುಂದೆ ರಸ್ತೆಗೆ ಅಂಗಡಿ, ಹಿಂದೆ ಮನೆ. ಹಿಂದೊಮ್ಮೆ ಅಂಗಡಿಗೂ ಒಂದು ಎಕ್ಸ್‌ಟೆನ್ಷನ್ ಎಳೆಸಿದ್ದರು, 50 ಮೀಟರ್. ಮೊಬೈಲ್ ಬಂದ ಮೇಲೆ ಫೋನ್ ತೆಗೆದರು, ತಂತಿ ಉಳಿಯಿತು. ಸತ್ತ ತಂತಿ ಏನು ಮಾಡೀತು ಅನ್ನಬಹುದು. ಅದು ಕವಲಾಗಿ ಇನ್ನೂ ಜೋಡಣೆಯಲ್ಲೇ ಇದೆ. ಸಿಗ್ನಲ್ ಅದರೊಳಕ್ಕೂ ನುಗ್ಗುತ್ತದೆ, ತುದಿಯಲ್ಲಿ ದಾರಿ ಕಾಣದೆ ತಿರುಗಿ ಬರುತ್ತದೆ. ತಾಮ್ರದಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ವೇಗ ಹಿಡಿದರೆ, 1,000 ಕಿಲೋಹರ್ಟ್ಸ್‌ ಅಲೆಯ ಉದ್ದ 200 ಮೀಟರ್. ಹೋಗಿ ಬರುವ 100 ಮೀಟರಿನಲ್ಲಿ ಅದು ಸರಿಯಾಗಿ ಅರ್ಧ ಅಲೆ ಹಿಂದೆ ಬೀಳುತ್ತದೆ. ಅಸಲಿನ ಉಬ್ಬಿಗೆ ಮರಳಿ ಬಂದದ್ದರ ತಗ್ಗು ಸೇರಿ ಎರಡೂ ಅಳಿಯುತ್ತವೆ. ಆ ಸಾಲುಗಳ ಕತೆ ಮುಗಿಯಿತು. ಮಾತಿನ ಅಲೆಯಾದರೋ 50 ಕಿ.ಮೀ.ಗೂ ಉದ್ದ, ಅದಕ್ಕೆ 50 ಮೀಟರ್ ಕವಲು ಲೆಕ್ಕಕ್ಕೇ ಇಲ್ಲ. ‘ಫೋನ್ ಚೆನ್ನಾಗಿ ಕೇಳ್ತಿದೆಯಲ್ಲ, ಲೈನ್ ಸರಿಯಿದೆ’ ಎಂಬ ವಾದ ನಿಲ್ಲದಿರುವುದು ಇದಕ್ಕೇ.

ಇನ್ನೊಂದು ತಮಾಷೆ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್‌, ಎಡಿಎಸ್‌ಎಲ್‌ನ ನಟ್ಟನಡುವೆ. ಟೆಲಿಫೋನ್ ಕೇಬಲ್ಲಿನ ಜೋಡಿ ಹುರಿಗೊಂಡಿರುತ್ತದೆ; ರೇಡಿಯೋ ಅಲೆ ಎರಡೂ ಎಳೆಗೆ ಸಮನಾಗಿ ತಾಗಿ ವ್ಯತ್ಯಾಸ ಉಳಿಯುವುದಿಲ್ಲ. ಕಾಲಿಂಗ್ ಬೆಲ್ಲಿಗೆ ಹಾಕುವ ಹುರಿಯಿಲ್ಲದ ಅಗ್ಗದ ವೈರನ್ನು ಮನೆಯೊಳಗೆ ಓಡಿಸಿದರೆ ಅದು ಆಂಟೆನಾ. ನೀವು ರೇಡಿಯೋ ಹಚ್ಚದಿದ್ದರೂ ಮೋಡೆಮ್ ಕೇಳಿಸಿಕೊಳ್ಳುತ್ತದೆ!

ಫೋನ್ ಎತ್ತಿದೊಡನೆ ನೆಟ್ ಹೋದರೆ ಮೊದಲ ಅನುಮಾನ ಮಾತನ್ನೂ ನೆಟ್ಟನ್ನೂ ಬೇರ್ಪಡಿಸುವ ಸ್ಪ್ಲಿಟರ್ ಮೇಲೆ. ಅದಿಲ್ಲದೆ ನೇರ ಸಿಕ್ಕಿಸಿದ ಒಂದೇ ಫೋನ್ ಇಡೀ ಲೈನ್ ಕೆಡಿಸಬಲ್ಲದು.

ಪರೀಕ್ಷೆ ಸುಲಭ. ಫೋನುಗಳನ್ನೆಲ್ಲ ಕಳಚಿ, ಹೊರಗಿನ ತಂತಿ ಮೊದಲು ಬಂದು ಸೇರುವ ಡಬ್ಬಿಯಲ್ಲಿ ಒಳಗಿನ ವೈರಿಂಗನ್ನು ಬಿಡಿಸಿ, ಮೋಡೆಮನ್ನು ಅಲ್ಲಿಗೇ ಜೋಡಿಸಿ ನೋಡಿ. ವೇಗ ಏರಿದರೆ ಕಳ್ಳ ಮನೆಯೊಳಗಿನವನೇ. ಎಕ್ಸ್‌ಚೇಂಜಿನ ದೂರದಿಂದಾದ ನಷ್ಟಕ್ಕೆ ಮಾತ್ರ ಈ ಮದ್ದು ನಾಟದು. ಫೈಬರ್ ಬಂದ ಮನೆಗೆ ಈ ತಲೆನೋವೇ ಇಲ್ಲ. ಗಾಜಿನ ಎಳೆಗೆ ರೇಡಿಯೋ ತಾಗದು. ತಾಮ್ರವೇ ಗತಿಯೆನ್ನುವವರು ಬೇಡದ ಎಕ್ಸ್‌ಟೆನ್ಷನ್ನನ್ನು ಅಂಗಡಿಯ ತುದಿಯಲ್ಲಲ್ಲ, ಕವಲೊಡೆಯುವ ಜಾಯಿಂಟಿನಲ್ಲೇ ಕತ್ತರಿಸಿ.